ಬಿಳಿ ಅಂಗಿಯಲ್ಲಿ ಪ್ರಾಣಿಸೇವೆ

ನಾನು ಹೊತ್ತಿಗೆ ಸರಿಯಾಗಿ ಎಲ್ಲಿಗಾದರೂ ಹೋಗಬೇಕಾದ ದಿನವೇ ಇಲ್ಲದ ಕೆಲಸವೆಲ್ಲ ಬಂದು ವಕ್ಕರಿಸುತ್ತದೆ. ತೊಂಬತ್ತರ ದಶಕದಲ್ಲಿ ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಒಂದು ಭಾನುವಾರ ಸಂಜೆ ಟಿ. ನರಸೀಪುರದಲ್ಲಿ ಹೆಣ್ಣು ನೋಡುವುದಿತ್ತು. ಹಿಂದಿನ ಸಂಬಂಧ ನಾನು ತಡವಾಗಿ ಹೋದದ್ದಕ್ಕೇ ತಪ್ಪಿತ್ತು. "ಈ ಸಲಾನೂ ತಡ ಮಾಡುದ್ರೆ ಮನೇಗೆ ಬರ್ಬೇಡ ಕಣ್ಲಾ," ಅಂದಿದ್ದಳು ಅವ್ವ. ಅದೇ ಭಾನುವಾರ ನಮ್ಮ ಮ್ಯಾನೇಜರಿಗೆ ಸಮಾಜಸೇವೆಯ ಹುಕಿ ಬಂತು. ತಾಂಡವಪುರದ ಹತ್ತಿರ, ಜನ ಬಿಟ್ಟುಹೋದ ಪ್ರಾಣಿಗಳನ್ನು ಸಾಕುವ ಫಾರ್ಮೊಂದಿತ್ತು. ಸ್ಟಾಫೆಲ್ಲ ಅಲ್ಲಿ ಒಂದು ದಿನ ದುಡಿಯಬೇಕಂತೆ.

ಇಸ್ತ್ರಿ

ಅಲ್ಲಿಂದ ಸೀದಾ ಹೆಣ್ಣಿನ ಮನೆಗೆ ಹೋಗೋಣವೆಂದು ಹೊಸ ಬಿಳಿ ಅಂಗಿ ಹಾಕಿಕೊಂಡೇ ಹೋದೆ. ವಿಷಯ ಹೇಳಿದರೆ ಎಲ್ಲರೂ ಆಡಿಕೊಳ್ಳುತ್ತಾರೆಂದು ಬಾಯಿ ಬಿಡಲಿಲ್ಲ. ಮ್ಯಾನೇಜರಿಗೆ ನನ್ನನ್ನು ನೋಡಿ ಖುಷಿಯೋ ಖುಷಿ.

"ನೋಡ್ರೀ, ಫೋಟೋಗೆ ಅಂತ ಎಷ್ಟು ನೀಟಾಗಿ ಬಂದಿದಾರೆ! ಎಲ್ಲಾ ಫೋಟೋದಲ್ಲೂ ಇವರೇ ಮುಂದೆ ಇರಲಿ. ಕೊನೇ ಫೋಟೋ ಆಗೋತನಕ ಇವರನ್ನ ಬಿಡ್ಬೇಡಿ."

ಹರಕಲು ಬನಿಯನ್ನಿನಲ್ಲಿ ಬಂದಿದ್ದ ನಮ್ಮ ಸ್ಟೋರ್‌ಕೀಪರ್ ಮಾತ್ರ ಮಧ್ಯಾಹ್ನಕ್ಕೇ ಮನೆ ಸೇರಿಕೊಂಡ.

ನಾಯಿಗೆ ಸೋಪು

ಮೊದಲು ನಾಯಿಗೆ ಸ್ನಾನ ಮಾಡಿಸುವ ಫೋಟೋ. ಫಾರ್ಮ್ ನೋಡಿಕೊಳ್ಳುವ ಹೆಂಗಸು ಕರುವಿನಷ್ಟು ಎತ್ತರದ ನಾಯಿಯೊಂದನ್ನು ತಂದು ನಿಲ್ಲಿಸಿದಳು.

"ಕಚ್ಚುತ್ತೇನಮ್ಮಾ?"

"ಇವತ್ತಿನ್ಗಂಟ ನಂಗೆ ಕಚ್ಚಿಲ್ಲ ಸಾ."

"ಬೇರೆಯವರಿಗೆ?"

"ಬೇರೇವ್ರು ಯಾರೂ ಇಷ್ಟು ಅತ್ರ ಓಗಿಲ್ಲ."

ಕಚ್ಚಲಿಲ್ಲ, ಪುಣ್ಯ. ಆದರೆ ಸೋಪು ಹಚ್ಚುತ್ತಿದ್ದಂತೆ ನನ್ನ ಎದೆಯ ಮೇಲೆ ಎರಡೂ ಮುಂಗಾಲಿಟ್ಟು, ಮೈಯೆಲ್ಲ ನನಗೇ ಒರೆಸಿತು. ನಾಯಿ ಬೆಳ್ಳಗಾಯಿತು, ಅಂಗಿ ನಾಯಿಯ ಬಣ್ಣಕ್ಕೆ ಬಂತು.

ಕತ್ತೆಯ ಮುಖ

ನಾನು ವಾಚು ನೋಡಿಕೊಂಡು ಕುದಿಯುತ್ತಿದ್ದೆ. ಕೊನೆಯ ಫೋಟೋ ಒಂದು ಮುದಿ ಕತ್ತೆಯ ಜೊತೆ. ನಮ್ಮ ಹಿಂದೆ ನಿಂತಿದ್ದ ಅದು, ಫೋಟೋಗ್ರಾಫರ್ "ರೆಡಿ" ಅಂದಾಗಲೆಲ್ಲ ಕ್ಯಾಮೆರಾಗೆ ಬೆನ್ನು ಹಾಕಿಬಿಡುವುದು.

"ಕತ್ತೆ ಮುಖ ಬೇಕೇ ಬೇಕು. ಬೆನ್ನನ್ನ ಹೆಡ್ಡಾಫೀಸಿಗೆ ಕಳಿಸಕ್ಕಾಗುತ್ತೇನ್ರೀ?" ಎಂದರು ಮ್ಯಾನೇಜರು.

ಬಸ್ಸಿನ ಚಿಂತೆಯಲ್ಲಿ ನಾನೇ ಉಪಾಯ ಹೇಳಿದೆ. ಎಲ್ಲರೂ ಹಿಂದಕ್ಕೆ ತಿರುಗಿ ಒಟ್ಟಿಗೆ "ಹೋಯ್" ಅಂದೆವು. ಕತ್ತೆ ಬೆಚ್ಚಿ ಈ ಕಡೆ ತಿರುಗಿತು. ಕ್ಲಿಕ್!

"ರೋಲು ಮುಗೀತು ಸಾ," ಅಂದ ಫೋಟೋಗ್ರಾಫರ್.

ಆ ಫೋಟೋ ಆಫೀಸಿನ ಗೋಡೆಯ ಮೇಲೆ ಬಹಳ ವರ್ಷ ಇತ್ತು. ಕತ್ತೆಯ ಮುಖ, ಮ್ಯಾನೇಜರು ಸಮೇತ ನಮ್ಮೆಲ್ಲರ ಬೆನ್ನು.

ಗೇಟಿನ ಒಳಗೆ

ತೊಳೆದುಕೊಳ್ಳಲೂ ಪುರಸೊತ್ತಿಲ್ಲದೆ ಓಡಿ ಬಸ್ಸು ಹತ್ತಿದೆ. ನರಸೀಪುರದ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿದ್ದು ಅದೇ ಮೊದಲು. ಪಕ್ಕದ ಸೀಟೂ ಖಾಲಿಯಾಯಿತು.

ಹೊತ್ತಿಗೆ ಸರಿಯಾಗೇನೋ ಹೋಗಿ ಮುಟ್ಟಿದೆ, ಆದರೆ ಹೆಣ್ಣಿನ ಮನೆಯ ಗೇಟಿನಲ್ಲಿ ಮತ್ತೊಂದು ನಾಯಿ. ಹಿಂದೊಮ್ಮೆ ಹೆಣ್ಣು ನೋಡಲು ಬಂದಿದ್ದ ಗಂಡನ್ನು ಅದು ಬಸ್‌ಸ್ಟ್ಯಾಂಡಿನವರೆಗೂ ಅಟ್ಟಿಸಿಕೊಂಡು ಹೋಗಿತ್ತಂತೆ. ನನ್ನ ಅಂಗಿಯನ್ನು ಚೆನ್ನಾಗಿ ಮೂಸಿ, ಬಾಲ ಅಲ್ಲಾಡಿಸುತ್ತ ಒಳಗೆ ಕರೆದುಕೊಂಡು ಹೋಗಿ ಕಾಲ ಬಳಿ ಮಲಗಿತು. ಮೊದಲೇ ಬಂದು ಕೂತಿದ್ದ ಅವ್ವ ನನ್ನನ್ನು ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಹುಡುಗಿ ಬಾಗಿಲ ಮರೆಯಲ್ಲಿ ನಗು ತಡೆಯಲಾರದೆ ಒದ್ದಾಡುತ್ತಿದ್ದಳು. ಅವಳಪ್ಪ ಮಾತ್ರ ನಾಯಿಯನ್ನೇ ನೋಡಿ, "ಇದು ಯಾರ್‌ಗೂ ಇಂಗೆ ಮಾಡಿಲ್ಲ ಕಣ್ರೀ. ಉಡುಗ ಒಳ್ಳೇವ್ನೇ ಇರ್ಬೇಕು," ಅಂದರು. ಹುಡುಗಿಯೂ ಹೂಂ ಅಂದಳು. ನನಗೆ ಕಣ್ಣಲ್ಲಿ ನೀರೇ ಬಂತು.

ನಿಶ್ಚಿತಾರ್ಥದ ದಿನ ಗಂಧದ ಸೋಪಿನಲ್ಲಿ ಮೈಯುಜ್ಜಿ ಮಿಂದು, ಸೆಂಟು ಹಾಕಿಕೊಂಡು, ಎಲ್ಲರಿಗಿಂತ ಮೊದಲೇ ಹೋದೆ. ಗೇಟು ತೆಗೆದದ್ದೇ ತಡ, ನಾಯಿ ಪಂಚೆಗೆ ಬಾಯಿ ಹಾಕಿತು. ಒಳಗಿನಿಂದ ಮಾವನವರು ಕೂಗಿಕೊಂಡು ಓಡಿ ಬಂದರು:

"ಅಳಿಯಂದ್ರೇ, ಯಾರ್ ಏಳುದ್ರು ನಿಮಗೆ ಸ್ನಾನ ಮಾಡ್ಕೊ ಬನ್ನಿ ಅಂತ!"