ಚಾಪೆಯ ಕೆಳಗಿನ ಗುಂಡಿ

ಬೇರೆಯವರ ಮನೆಗೆ ಹೋದಾಗ ತೋರಿಸಿದ ಜಾಗದಲ್ಲಿ ತೆಪ್ಪಗೆ ಕೂರಬೇಕೆಂದು ಚಿಕ್ಕಂದಿನಲ್ಲಿ ಅವ್ವ ಕಲಿಸಿದ್ದಳು. ಅವಳ ಪಾಠಗಳಲ್ಲಿ ನಾನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದನ್ನೇ, ಮಾನ ಕಳೆದುಕೊಂಡಿದ್ದೂ ಅದರಿಂದಲೇ. ಚಳ್ಳಕೆರೆಯಲ್ಲಿ ನಾನು ಕಟ್ಟಡದ ಇಂಜಿನಿಯರ್. ಎಣ್ಣೆ ಮಿಲ್ಲಿನ ಗೋಡೆಯಾಗಲಿ, ಬೀಗರ ಮನೆಯ ಜಗುಲಿಯಾಗಲಿ, ಕಂಡಲ್ಲೆಲ್ಲ ಬೆರಳಿನಿಂದ ತಟ್ಟಿ, "ಪಾಯ ನೋಡದೆ ಏನೂ ಹೇಳಬಾರದು" ಎನ್ನುವುದು ನನ್ನ ಚಟ. ಕೇಳಿ ಕೇಳಿ ಸಾಕಾದ ಹೆಂಡತಿ ಈಗ ನಾನು ಗೋಡೆ ತಟ್ಟಿದ ಕೂಡಲೇ ಒಳಗೆ ಎದ್ದು ಹೋಗುತ್ತಾಳೆ.

ಮೊಳಕಾಲ್ಮೂರಿನ ಲಕ್ಷ್ಮಮ್ಮ ರೇಷ್ಮೆ ಸೀರೆ ನೇಯುವವರು. ಅವರ ನಡುಕೋಣೆಯ ಬೀಮು ಬಿರುಕು ಬಿಟ್ಟು ಜಗ್ಗಿತ್ತು. ಹಳೆಯ ಮಗ್ಗಕ್ಕೆ ಹುಳು ಹಿಡಿದು ಬಿಚ್ಚಿ ಹಾಕಿದ್ದರಿಂದ ಮಗಳು ಗೌರಿ ಬೇರೆಯವರ ಮನೆಯ ಮಗ್ಗಕ್ಕೆ ಕೂಲಿಗೆ ಹೋಗುತ್ತಿದ್ದಳು. ಹೊಸ ಮಗ್ಗ ಸಿದ್ಧವಿದ್ದರೂ ಆ ಬೀಮಿನಡಿ ಮಗಳನ್ನು ಕೂರಿಸಲು ತಾಯಿಗೆ ಧೈರ್ಯವಿಲ್ಲ. ಬೀಮು ನೋಡಲು ನಾನು ಹೋದಾಗ ಅಲ್ಲೇ ಚಾಪೆ ಹಾಸಿ ಕೂರಿಸಿ ಚಹಾ ಕೊಟ್ಟರು. ಕೂತಲ್ಲಿಂದಲೇ ಕತ್ತೆತ್ತಿದೆ. ಬಿರುಕು ನನ್ನ ನೆತ್ತಿಯ ಮೇಲೇ ಇತ್ತು. "ನಾನು ಕೂತಿರುವ ಜಾಗದಲ್ಲೇ ಒಂದು ಕಬ್ಬಿಣದ ಕಂಬ ನಿಲ್ಲಿಸಿದರಾಯಿತು" ಎಂದೆ. ಲಕ್ಷ್ಮಮ್ಮನ ಮುಖ ಸಪ್ಪಗಾಯಿತು. ಕಂಬ ಚೆಂದ ಕಾಣುವುದಿಲ್ಲವೆಂಬ ಬೇಸರವಿರಬೇಕೆಂದುಕೊಂಡು, ಬಣ್ಣ ಹೊಡೆಸೋಣ ಎಂದು ಸಮಾಧಾನ ಹೇಳಿ ಬಸ್ಸು ಹತ್ತಿದೆ.

ವಾರ ಕಳೆದು ವೆಲ್ಡಿಂಗ್ ಅಂಗಡಿಯ ಬಾಷಾ ಕಂಬವನ್ನು ಲಗೇಜ್ ಆಟೋದಲ್ಲಿ ತಂದ. ಪಾಯ ತೋಡಲೆಂದು ಚಾಪೆ ಸುತ್ತಿದೆವು. ಕೆಳಗೆ ಹಲಗೆ. ಹಲಗೆ ಎತ್ತಿದರೆ ಎರಡೂವರೆ ಅಡಿಯ ಗುಂಡಿ. ನೇಯುವವರು ಕಾಲು ಇಳಿಬಿಟ್ಟು ಮಗ್ಗ ತುಳಿಯುವ ಗುಂಡಿ ಅದು. ಬಂದವರು ಬಿದ್ದಾರೆಂದು ಮುಚ್ಚಿದ್ದರು. ಮನೆಯಲ್ಲಿ ಮಗ್ಗ ಹಿಡಿಸುವ ಜಾಗ ಇನ್ನೊಂದಿರಲಿಲ್ಲ.

"ಅವತ್ತೇ ಯಾಕೆ ಹೇಳಲಿಲ್ಲಮ್ಮಾ?" ಎಂದೆ.

"ಅದರ ಮ್ಯಾಲೇ ಕುಂತಿದ್ರಲ್ಲ ಸಾರ್. ಇಂಜಿನಿಯರ್ರು ಅಂದ್ಮ್ಯಾಲೆ ಗೊತ್ತಿರ್ತೈತೆ ಅನ್ಕಂಡೆ. ಇನ್ನ ನಮ್ ಗೌರಿಗೆ ಮನೆ ಮಗ್ಗ ಇಲ್ಲ ಅಂತ ಅವತ್ತೇ ಅತ್ತು ಸುಮ್ಕಾದೆ."

ನಾಚಿಕೆಯಿಂದ ಹಲಗೆಯನ್ನು ಮತ್ತೆ ಗುಂಡಿಯ ಮೇಲಿಟ್ಟೆ. ಬಾಷಾ ಹೊರಗೆ ಕರೆದು ಮೆಲ್ಲಗೆ ಹೇಳಿದ: "ಸಾಬ್, ಕಂಬ ನಿಲ್ಸೋದು ಬ್ಯಾಡ, ಮಲಗಿಸ್ರಿ. ಬೀಮಿನ ಕೆಳಗೆ ಉದ್ದಕ್ಕೆ ಇದು. ಗೋಡೆ ಹತ್ರ ಆ ತುದಿಗೊಂದು, ಈ ತುದಿಗೊಂದು ಕಾಲು. ನಡುವೆ ಮಗ್ಗ ಆರಾಮಾಗಿ ಕುಂದರ್ತೈತೆ." ಲೆಕ್ಕ ಹಾಕಿದೆ. ಮಲಗಿಸಿದರೆ ಒಂದೇ ಸಾಲದು, ಅಂಥದ್ದೇ ಇನ್ನೊಂದನ್ನು ಜೋಡಿಸಿ ವೆಲ್ಡ್ ಮಾಡಬೇಕೆಂದು ಬಹಳ ಗಂಭೀರವಾಗಿ ಹೇಳಿದೆ. ನನ್ನದೂ ಏನಾದರೂ ಇರಬೇಕಲ್ಲ.

ಕೆಲಸ ಮುಗಿದ ಮೇಲೆ ಮೊನ್ನೆ ನಾನೂ ಬಾಷಾನೂ ಹೋಗಿದ್ದೆವು. ಗೌರಿ ಗುಂಡಿಯಲ್ಲಿ ಕಾಲಿಳಿಸಿ ತನ್ನದೇ ಮಗ್ಗದಲ್ಲಿ ನೇಯುತ್ತಿದ್ದಳು. ನೋಡಿ ಕಣ್ಣು ತುಂಬಿತು. ಲಕ್ಷ್ಮಮ್ಮ ಹಾಸಿದ ಚಾಪೆಯ ಅಂಚು ಎತ್ತಿ ನೋಡಿಯೇ ಕೂತೆ. ಸೀರೆ ನೋಡಲು ಬಂದ ನೆರೆಯವರಿಗೆ ಅವರು ನನ್ನನ್ನು ತೋರಿಸಿ, "ನಮ್ ಹುಡುಗಿ ಮಗ್ಗ ಉಳಿಸಿದ್ದು ಇವ್ರೇ, ದೊಡ್ಡ ತಲೆ" ಎಂದರು. ಬಾಷಾ ಪಕ್ಕದಲ್ಲೇ ಚಹಾ ಕುಡಿಯುತ್ತಾ ನನ್ನ ಮುಖ ನೋಡಿದ. ನಾನಲ್ಲ, ಇವನು ಎಂದು ಹೇಳಬೇಕಿತ್ತು. ಆದರೆ ತೋರಿಸಿದ ಜಾಗದಲ್ಲಿ ತೆಪ್ಪಗೆ ಕೂರಬೇಕೆಂದು ಅವ್ವ ಕಲಿಸಿದ್ದಳಲ್ಲ.