ಯಾರಿಗೂ ಹೇಳಬಾರದ ನಂಬರು

ಹೆಡ್ಮಾಸ್ಟರ ಬಲಗೆನ್ನೆ ಬೋಳಿಸಿ ಎಡಗೆನ್ನೆಗೆ ತಿರುಗುವಷ್ಟರಲ್ಲಿ ಕ್ಷೌರದವನ ಫೋನು ರಿಂಗಾಯಿತು. ಅವನ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ನೊರೆ. ಬೆಂಚಿನ ಮೇಲಿದ್ದ ಪಕ್ಕದ ಬೇಕರಿಯವನೇ ಫೋನೆತ್ತಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ. ಯಾರಿಗೆ ಫೋನು ಬಂದರೂ ಅವನಿಗೆ ತನ್ನದೇ ಅನ್ನಿಸುತ್ತಿತ್ತು.

“ಸರ್, ಬ್ಯಾಂಕಿಂದ ಮಾತಾಡ್ತಿದೀನಿ.” ದನಿ ಎಣ್ಣೆ ಹಚ್ಚಿದಷ್ಟು ನುಣುಪಾಗಿತ್ತು. “ನಿಮ್ಮ ಖಾತೆ ಇವತ್ತೇ ಬಂದ್ ಆಗತ್ತೆ. ಈಗೊಂದು ನಂಬರು ಬಂದಿರತ್ತೆ, ಅದನ್ನ ಹೇಳಿದ್ರೆ ಸರಿಮಾಡ್ಕೊಡ್ತೀನಿ.”

ಕ್ಷೌರದವನು ಹೊಸ ಕುರ್ಚಿಗೆಂದು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟದ್ದೆಲ್ಲ ಆ ಖಾತೆಯಲ್ಲಿತ್ತು.

“ಹೇಳ್ಬಿಡು, ಪಾಪ, ಕಾಯ್ತಿದಾರೆ,” ಅಂದ ಬೇಕರಿಯವನು.

“ಬಾಯಿಬಿಟ್ಟೀಯ, ಹುಷಾರು,” ಹೆಡ್ಮಾಸ್ಟರು ನೊರೆಯೊಳಗಿಂದಲೇ ಗದರಿದರು. “ಇದು ಮೋಸ. ಪ್ರಶ್ನೆ ಕೇಳು.”

ಕ್ಷೌರದವನು ಪ್ರಶ್ನೆ ಕೇಳಿ ಬಲ್ಲವನೇ ಅಲ್ಲ. ಮನೆಯಲ್ಲಿ ಹೆಂಡತಿಗೆ, ಅಂಗಡಿಯಲ್ಲಿ ಗಿರಾಕಿಗೆ, ಅವನದು ‘ಹೂಂ’ ಒಂದೇ. ಆದರೂ ಗಂಟಲು ಸರಿಮಾಡಿಕೊಂಡ.

“ಯಾವ ಬ್ರಾಂಚು?”

“ನಿಮ್ಮದೇ ಸರ್. ಮ್ಯಾನೇಜರ್ ಪಕ್ಕದಲ್ಲೇ ಕೂತಿದೀನಿ.”

“ಹೌದಾ. ಅವರು ಕ್ರಾಪು ಎಡಕ್ಕೆ ಬಾಚಿದಾರೋ, ಬಲಕ್ಕೋ?”

ಅತ್ತ ಕೊಂಚ ತಡವರಿಕೆ. “ಎಡಕ್ಕೆ ಸರ್.”

“ಅವರ ತಲೇಲಿ ಕೂದಲೇ ಇಲ್ಲ ಸ್ವಾಮಿ. ನನ್ನಂಗಡಿ ಕಡೆ ತಿರುಗಿ ನೋಡದೆ ವರ್ಷಗಳಾಯ್ತು.”

ಬೇಕರಿಯವನು ತೆರೆದ ಬಾಯಿ ಮುಚ್ಚಲಿಲ್ಲ. ಹೆಡ್ಮಾಸ್ಟರು ಕನ್ನಡಿಯಲ್ಲಿ ಕ್ಷೌರದವನನ್ನು ಈಗಷ್ಟೇ ಪರಿಚಯವಾದವನಂತೆ ದಿಟ್ಟಿಸಿದರು. ದಾರಿಹೋಕರು ಬಾಗಿಲಲ್ಲಿ ಗುಂಪುಗೂಡಿದರು. ಬೇಕರಿಯವನು ಅವರಿಗೆ ಕತೆಯನ್ನು ಉಪ್ಪುಖಾರ ಹಚ್ಚಿ ಮೊದಲಿಂದ ಹೇಳಿದ. ಕ್ಷೌರದವನಿಗಂತೂ ತನ್ನ ನಾಲಗೆ ತನ್ನದೇ ಹೌದೋ ಅಲ್ಲವೋ ಎಂದು ಬೆರಗು.

ಫೋನಿನಲ್ಲಿ ನಿಟ್ಟುಸಿರು ಕೇಳಿಸಿತು. “ಸೋತೆ ಸರ್. ಡಾಕ್ಟರು, ವಕೀಲರನ್ನೆಲ್ಲ ಬೀಳಿಸಿದೀನಿ, ನಿಮ್ಮಂಥೋರನ್ನ ನೋಡಿಲ್ಲ. ನನಗೂ ತಾಯಿ ಇದಾರೆ. ನನ್ನಂಥೋನು ಅವರಿಗೆ ಫೋನ್ ಮಾಡಿದ್ರೆ ಹೇಗೆ ಬಚಾವಾಗೋದು, ಸ್ವಲ್ಪ ಹೇಳ್ಕೊಡಿ.”

ಕ್ಷೌರದವನು ಕರಗಿಹೋದ. ಇಲ್ಲಿಯವರೆಗೆ ಯಾರೂ ಅವನನ್ನು ಏನನ್ನೂ ಹೇಳಿಕೊಡು ಎಂದು ಕೇಳಿರಲಿಲ್ಲ. ಹೆಡ್ಮಾಸ್ಟರು ತಲೆಯಾಡಿಸಿ ಅಪ್ಪಣೆ ಕೊಟ್ಟರು. ಅವನು ಕತ್ತಿ ಕೆಳಗಿಟ್ಟ.

“ಕೇಳ್ಕೊ ಮಗಾ. ಬ್ಯಾಂಕಿನೋರು ಫೋನಲ್ಲಿ ನಂಬರು ಕೇಳಲ್ಲ. ಮೆಸೇಜಲ್ಲಿ ಬರೋ ಲಿಂಕು ಮುಟ್ಟಬಾರದು. ಅನುಮಾನ ಬಂದ್ರೆ ಫೋನ್ ಇಟ್ಟು ನಾವೇ ಬ್ಯಾಂಕಿಗೆ ಹೋಗ್ಬೇಕು.”

“ನಂಬರು ಅಂದ್ರೆ ಎಂಥದ್ದು ಗುರುಗಳೇ? ತಾಯಿ ಓದಿದೋರಲ್ಲ. ಒಂದು ಉದಾಹರಣೆ ಕೊಟ್ರೆ…”

‘ಗುರುಗಳೇ’ ಎಂಬುದು ಕಿವಿಗೆ ಬಿದ್ದದ್ದೇ ಕ್ಷೌರದವನು ನೆಲದಿಂದ ಗೇಣು ಮೇಲಕ್ಕೆದ್ದ. ಕೈಯೊರೆಸಿಕೊಂಡು ಫೋನು ತೆಗೆದುಕೊಂಡ.

“ಈಗ ಇಲ್ಲಿ ಬಂದಿರೋದೇ ತಗೋ. ಏಳು, ಎರಡು, ಸೊನ್ನೆ, ಒಂಬತ್ತು, ನಾಲ್ಕು, ಒಂದು. ಇಂಥದ್ದನ್ನ ಯಾರಿಗೂ ಹೇಳಬಾರದು. ಪ್ರಾಣ ಹೋದ್ರೂ.”

“ಹೇಳಬಾರದು,” ಎಂದು ಬಾಗಿಲಲ್ಲಿದ್ದವರು ಒಕ್ಕೊರಲಿನಿಂದ ಒಪ್ಪಿದರು.

“ದೊಡ್ಡ ಉಪಕಾರ ಆಯ್ತು,” ಎಂದು ದನಿ ಮರೆಯಾಯಿತು.

ಬೇಕರಿಯವನು ಕ್ಷೌರದವನ ಬೆನ್ನು ತಟ್ಟಲು ಎದ್ದ. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಕ್ಷೌರದವನು ಮೆಸೇಜು ಓದಿದ. ಕಣ್ಣುಜ್ಜಿಕೊಂಡು ಮತ್ತೆ ಓದಿದ. ಖಾತೆ ಒರೆಸಿಟ್ಟಷ್ಟು ಖಾಲಿಯಾಗಿತ್ತು. ಬ್ಯಾಂಕಿಗೆ ಫೋನು ಮಾಡಿದರೆ, ದಯವಿಟ್ಟು ಕಾಯಿರಿ ಎಂದು ಸಂಗೀತ ಹಾಕಿದರು.

ಕೊನೆಗೆ ಹೆಡ್ಮಾಸ್ಟರು, ದೇವಸ್ಥಾನದೊಳಗೆ ಮಾತಾಡುವಷ್ಟು ಮೆಲ್ಲಗೆ, ಬೆರಗಿನಿಂದ ಹೇಳಿದರು:

“ಇಡೀ ಸರ್ವೀಸಲ್ಲಿ ಎಷ್ಟೋ ಮಕ್ಕಳಿಗೆ ಪಾಠ ಮಾಡಿದೆ ಕಣಪ್ಪ. ಕೇಳಿದ್ದನ್ನ ನಿನ್ನ ಈ ಶಿಷ್ಯನಷ್ಟು ಬೇಗ ಉಪಯೋಗಕ್ಕೆ ತಂದೋನು ಒಬ್ಬನೂ ಸಿಗಲಿಲ್ಲ.”