ಹಂಡೆಗೆ ಅಂಟಿದ ಜಪಾನ್

ನನ್ನ ಮೊಮ್ಮಗಳು ಜಪಾನಿ ಭಾಷೆಯ ಪರೀಕ್ಷೆಯಲ್ಲಿ ಪಾಸಾದಳು! ಬೆಳಿಗ್ಗೆಯಿಂದ ನಮ್ಮೂರು ಪಾಳಾದಲ್ಲಿ ಎದುರಿಗೆ ಸಿಕ್ಕವರಿಗೆಲ್ಲ ಹೇಳಿದ್ದೇನೆ. ಬಸ್ಸಿಗೆ ಕೈ ಮಾಡಿ ನಿಲ್ಲಿಸಿ ಕಂಡಕ್ಟರನಿಗೂ ಹೇಳಿದೆ. ನಾನು ಹತ್ತುವುದಿಲ್ಲವೆಂದು ತಿಳಿದ ಮೇಲೆ ಅವನ ಮುಖ ಸಪ್ಪಗಾಯಿತು. ಆದರೆ ನಿಮಗೆ ನಿಜ ಹೇಳುತ್ತೇನೆ: ಈ ಹುಡುಗಿಯಷ್ಟು ಸಂಶಯ ಹುಟ್ಟಿಸಿದ ಪ್ರಾಣಿ ನಮ್ಮ ಮನೆತನದಲ್ಲಿ ಇನ್ನೊಂದು ಹುಟ್ಟಿಲ್ಲ.

ನರ್ಸಿಂಗ್ ಮುಗಿಸಿ ಬಂದವಳು ಕೆಲಸ ಹುಡುಕುವುದು ಬಿಟ್ಟು ಚೀಟಿ ಅಂಟಿಸತೊಡಗಿದಳು. ನೀರಿನ ಹಂಡೆಗೆ, ಬಾಗಿಲಿಗೆ, ಜೋಳದ ಚೀಲಕ್ಕೆ, ಕೊನೆಗೆ ಎಮ್ಮೆ ಕಟ್ಟುವ ಗೂಟಕ್ಕೂ! ಎಮ್ಮೆ ತನ್ನ ಚೀಟಿಯನ್ನು ತಿಂದು ಮುಗಿಸಿತು. ಚೀಟಿಯ ಮೇಲೆ ಕಟ್ಟಿಗೆ ಒಟ್ಟಿದಂಥ ಅಕ್ಷರ. ಮೇಲಾಗಿ ನನ್ನನ್ನು ಕಂಡಾಗಲೆಲ್ಲ ಸೊಂಟ ಬಗ್ಗಿಸಿ ನಮಸ್ಕಾರ. ಹಬ್ಬದ ದಿನವೂ ಕಾಲಿಗೆ ಬೀಳಲು ಗೊಣಗುತ್ತಿದ್ದವಳು!

ನಮ್ಮ ಮುಂಡಗೋಡ ಕಡೆ ಅರ್ಥವಾಗದ ಅಕ್ಷರವೆಂದರೆ ಟಿಬೆಟ್ ನಿರಾಶ್ರಿತರ ಕ್ಯಾಂಪಿನದು. ಅಲ್ಲಿ ಮಂತ್ರ ಬರೆದ ಬಟ್ಟೆಗಳು ಮನೆ ಮನೆಯ ಮೇಲೆ ಹಾರಾಡುತ್ತವೆ. ನನಗೆ ಖಾತ್ರಿಯಾಯಿತು, ಹುಡುಗಿ ಅಲ್ಲಿ ಸೇರಿ ಸನ್ಯಾಸಿನಿಯಾಗುತ್ತಾಳೆ! ಅಷ್ಟುದ್ದದ ಜಡೆ ಬೋಳಿಸುತ್ತಾರಲ್ಲ! ಹೆಂಡತಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುತ್ತಲೇ, "ಮುಂಜಾನೆ ಎಬ್ಬಿಸಿ ಎಬ್ಬಿಸಿ ಸಾಕಾಗತೈತಿ, ಆಕಿ ಸನ್ಯಾಸಿ ಹೆಂಗ ಆಗ್ತಾಳ್ರೀ?" ಎಂದಳು.

ಹಂಡೆಯ ಚೀಟಿ ಕಿತ್ತು ಕಿಸೆಯಲ್ಲಿಟ್ಟುಕೊಂಡು ಕ್ಯಾಂಪಿಗೆ ಹೋದೆ. ನಮ್ಮ ಗೋವಿನಜೋಳ ಕೊಳ್ಳುವ ಮುದಿ ಲಾಮಾ ಒಬ್ಬರಿದ್ದಾರೆ. ಕನ್ನಡದಲ್ಲಿ ನನಗಿಂತ ಚೆನ್ನಾಗಿ ಚೌಕಾಶಿ ಮಾಡುತ್ತಾರೆ. ನನ್ನ ಸಂಶಯವನ್ನೆಲ್ಲ ಕೇಳಿ, ಕನ್ನಡಕ ಹಾಕಿ, ತೆಗೆದು, ಚೀಟಿ ತಿರುಗಿಸಿ ನೋಡಿದರು.

"ಇದು ನಮ್ದಲ್ಲರೀ ಗೌಡ್ರ. ನಿಮ್ಮ ಹುಡುಗಿ ನಮಗ ಬ್ಯಾಡ. ಮಠದಾಗ ಇರೂ ಹುಡುಗರನ್ನ ಎಬ್ಬಸೂದ ದೊಡ್ಡ ಕೆಲಸ ಆಗೇತಿ."

ಮೊಮ್ಮಗಳನ್ನು ಬೇಡವೆಂದರೆ ಯಾವ ಅಜ್ಜ ಅಷ್ಟು ಖುಷಿಪಟ್ಟಾನು?

ಖುಷಿ ಬಹಳ ದಿನ ಉಳಿಯಲಿಲ್ಲ. ಹುಡುಗಿ ನನ್ನ ರಟ್ಟೆ ಹಿಡಿದು ಕೂಡಿಸುವುದು, ಏಳಿಸುವುದು, ಚಮಚದಲ್ಲಿ ಗಂಜಿ ಕುಡಿಸುವುದು, ಮುಖ ನೋಡುತ್ತ ತಿಳಿಯದ ಭಾಷೆಯಲ್ಲಿ ಏನೋ ಕೇಳುವುದು ಶುರುವಾಯಿತು. ಇಷ್ಟು ಪ್ರೀತಿ ಸುಮ್ಮನೆ ಬರುತ್ತದೆಯೇ?

"ಹೊಲಾ ನಾ ಯಾರ ಹೆಸರಿಗೂ ಮಾಡಂಗಿಲ್ಲ," ಎಂದೆ.

"ಹೊಲಾ ನೀನ ಇಟ್ಕೋ ಅಜ್ಜಾ. ಮಣಕಾಲು ಕೊಡು," ಎಂದಳು.

ಆಗ ಬಾಯಿಬಿಟ್ಟಳು. ಜಪಾನಿನಲ್ಲಿ ಮುದುಕರು ಬಹಳ, ನೋಡಿಕೊಳ್ಳುವ ಕೈಗಳು ಕಡಿಮೆಯಂತೆ. ಎಲ್ಲಿ ನೋಯುತ್ತದೆ ಎಂದು ಅವರ ಭಾಷೆಯಲ್ಲೇ ಕೇಳಲು ಬಂದರೆ ಅಲ್ಲಿ ಕೆಲಸವಂತೆ. ಒಮ್ಮೆ ಫೇಲಾಗಿದ್ದಳು, ಇನ್ನೊಮ್ಮೆ ಫೇಲಾದರೆ ಆಸೆ ಬಿಡುವುದೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು! ಅಷ್ಟು ದೂರ ಕಳಿಸಲು ನಾನು ಒಪ್ಪುವುದಿಲ್ಲವೆಂದು ನನಗೊಬ್ಬನಿಗೆ ಮುಚ್ಚಿಟ್ಟಿದ್ದರು. ಅವರ ಸಂಶಯ ಸುಳ್ಳೇನಲ್ಲ. ಆದರೂ ಅಂದಿನಿಂದ ನೋಯದ ಜಾಗದಲ್ಲೂ ನರಳಿದೆ, ಹುಡುಗಿಯ ಅಭ್ಯಾಸಕ್ಕೆ ಕಡಿಮೆ ಬೀಳಬಾರದಲ್ಲ!

ಈ ಸಂಜೆ ಯಾರೂ ಬಡಿಸಲು ನಿಲ್ಲಬಾರದೆಂದು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದೆ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ನಗುತ್ತ ಉಣ್ಣುತ್ತಿದ್ದ ನನ್ನ ಬಾಯಿಂದ ಮಾತು ತಾನಾಗಿ ಬಂತು:

"ಅಲ್ಲೆ ಮುದುಕರಿಗೆಲ್ಲಾ ನೀ ಉಣಸ್ತಿ. ನಿನಗ ಯಾರು ಉಣಸ್ತಾರ?"

ನಾನು ರೊಟ್ಟಿ ಮುರಿದು ಹುಡುಗಿಯ ಬಾಯಿಗಿಟ್ಟೆ. ಅದನ್ನು ನುಂಗುವುದರೊಳಗೆ ಅಜ್ಜಿಯ ಕೈ ಬಂತು, ಆಮೇಲೆ ಅವ್ವನದು, ಅಪ್ಪನದು. ಕೆನ್ನೆ ಉಬ್ಬಿತ್ತು, ಕಣ್ಣು ತುಂಬಿತ್ತು. ಯಾವ ಭಾಷೆಯಲ್ಲೂ ಒಂದು ಮಾತಾಡಲು ಅವಳ ಬಾಯಿ ಖಾಲಿ ಇರಲಿಲ್ಲ.